ಸರೋವರದ ದಂಡೆಯ ಒಂಟಿ ಮನೆಯಲ್ಲಿ ಏಳು ದಿನ: ಹೈಲ್ಯಾಂಡ್ಸ್‌ನಲ್ಲಿ ಅಂಥದ್ದೇನಿದೆ?

ಮಂದಾರ (ಜೂನ್ 2)

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆ ರಜೆಗೆ ನಮ್ಮವರು ನನ್ನನ್ನು ಒಂದು ಮಾತೂ ಕೇಳದೆ ಸ್ಕಾಟ್‌ಲ್ಯಾಂಡಿನ ಹೈಲ್ಯಾಂಡ್ಸ್‌ನಲ್ಲಿ, ಲಾಕ್ ಆರ್ಕೇಗ್ ಎಂಬ ಸರೋವರದ ದಂಡೆಯಲ್ಲಿ, ಆಗಸ್ಟ್ ಮೊದಲ ವಾರಕ್ಕೆ ಒಂದು ಮನೆಯನ್ನು ಗೊತ್ತುಮಾಡಿಬಿಟ್ಟಿದ್ದಾರೆ. ಬಾಡಿಗೆ 1,100 ಪೌಂಡ್. ಅಷ್ಟು ಹಣಕ್ಕೆ ಅಲ್ಲಿ ಏನೇನಿದೆ ಎಂದು ನೋಡಲು ಹೋದರೆ ಏನೇನಿಲ್ಲ ಎಂಬ ಪಟ್ಟಿಯೇ ಉದ್ದವಾಗಿದೆ. ಮೊಬೈಲ್ ಸಿಗ್ನಲ್ ಇಲ್ಲ, ಟಿವಿ ಇಲ್ಲ, ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ ಇಲ್ಲ. ಹಾಲು ಮುಗಿದರೆ ಒಂದೇ ಕಾರು ಹಿಡಿಸುವ ರಸ್ತೆಯಲ್ಲಿ ಮುಕ್ಕಾಲು ಗಂಟೆ ಹೋಗಬೇಕು. ನಾನು ರೋಮ್ ನೋಡಬೇಕೆಂದು ಮೂರು ವರ್ಷಗಳಿಂದ ಹೇಳುತ್ತಲೇ ಇದ್ದೇನೆ. ನಮ್ಮ ಜೊತೆ ಹದಿಮೂರು ಮತ್ತು ಎಂಟು ವರ್ಷದ ಮಕ್ಕಳಿದ್ದಾರೆ, ಊರಿನಿಂದ ಬಂದಿರುವ 68 ವರ್ಷದ ಅತ್ತೆಯವರಿದ್ದಾರೆ. ಬೆಟ್ಟ, ನೀರು ಮತ್ತು ಮಳೆ, ಈ ಮೂರನ್ನು ಬಿಟ್ಟು ಬೇರೇನೂ ಇಲ್ಲದ ಕಡೆ ಏಳು ದಿನ ಏನು ಮಾಡುವುದು? ಹೋಗಿಬಂದವರೆಲ್ಲ ಕಣ್ಣರಳಿಸಿ ಹೊಗಳುತ್ತಾರೆಯೇ ಹೊರತು ಏನು ಮಾಡಿದಿರಿ ಎಂದರೆ ಯಾರೂ ಬಾಯಿಬಿಡುವುದಿಲ್ಲ. ದಯವಿಟ್ಟು ನಿಜವನ್ನೇ ಹೇಳಿ.

ಲೆಕ್ಕಿಗ

ಮುಂಗಡವನ್ನು ಪೂರ್ತಿ ಹಿಂದಿರುಗಿಸುವ ಕೊನೆಯ ದಿನಾಂಕ ಯಾವುದು? ಮೊದಲು ಅದನ್ನು ತಿಳಿಸಿ, ಮಿಕ್ಕ ಚರ್ಚೆಯನ್ನು ಆಮೇಲೆ ಮಾಡೋಣ.

ಮಂದಾರ

ಆ ದಿನಾಂಕ ಮೇ ತಿಂಗಳಿನಲ್ಲೇ ಕಳೆದುಹೋಗಿದೆ. ಅದು ಕಳೆದ ಮರುದಿನವೇ ನನಗೆ ವಿಷಯ ತಿಳಿಸಿದರು.

ಪಾಚಿಕಲ್ಲು

ಮಂದಾರ ಅವರೇ, ನಿಮ್ಮ ಪ್ರಶ್ನೆ ನ್ಯಾಯವಾಗಿದೆ. ನಾವು ನಾಲ್ಕು ಬೇಸಿಗೆಗಳಿಂದ ಹೈಲ್ಯಾಂಡ್ಸ್‌ನ ಟಾರಿಡನ್ ಕಡೆಗೆ ಹೋಗುತ್ತಿರುವವರು, ಹಾಗಾಗಿ ಬಾಯಿಬಿಡುವ ಪ್ರಯತ್ನ ಮಾಡುತ್ತೇನೆ. ಮೊದಲ ವರ್ಷ ಮೊದಲ ಎರಡು ದಿನ ನನಗೂ ಕೈಕಾಲು ಕಟ್ಟಿಹಾಕಿದ ಹಾಗೆ ಆಗಿತ್ತು. ಬೆಳಗಾದರೆ ಎಲ್ಲಿಗೆ ಹೊರಡಬೇಕು, ಯಾವುದಕ್ಕೆ ಟಿಕೆಟ್ ತೆಗೆಯಬೇಕು ಎಂಬ ಚಡಪಡಿಕೆ. ಮೂರನೆಯ ದಿನ ಮಳೆ ಜೋರಾಗಿ ಎಲ್ಲಿಗೂ ಹೊರಡಲಾಗದೆ ಕಿಟಕಿಯ ಬಳಿ ಕುಳಿತೆ. ಮಳೆ ಅಲ್ಲಿ ಮೇಲಿನಿಂದ ಬೀಳುವುದಿಲ್ಲ, ಸರೋವರದ ಆಚೆ ತುದಿಯಿಂದ ನಡೆದುಕೊಂಡು ಬರುತ್ತದೆ. ದೂರದ ಬೆಟ್ಟ ಮೊದಲು ಮಾಸುತ್ತದೆ, ಆಮೇಲೆ ಅದರ ಮುಂದಿನ ಗುಡ್ಡ, ಆಮೇಲೆ ನೀರಿನ ಅರ್ಧ ಭಾಗ ಬೆಳ್ಳಗಾಗಿ ಇನ್ನರ್ಧ ಭಾಗ ಹೊಳೆಯುತ್ತಲೇ ಇರುತ್ತದೆ, ಕೊನೆಗೆ ನಿಮ್ಮ ಕಿಟಕಿಯ ಗಾಜಿಗೆ ಮೊದಲ ಹನಿ ತಾಗುತ್ತದೆ. ಇಷ್ಟಕ್ಕೂ ಏಳೆಂಟು ನಿಮಿಷ ಹಿಡಿಯುತ್ತದೆ. ಆ ದಿನ ನಾನು ಹಾಗೆ ಹನ್ನೊಂದು ಮಳೆಗಳನ್ನು ಎಣಿಸಿದೆ. ನಡುನಡುವೆ ಮೋಡ ಹರಿದಾಗ ಎದುರಿನ ಬೆಟ್ಟದ ಒಂದೇ ಒಂದು ಮಡಿಕೆಯ ಮೇಲೆ ಬಿಸಿಲು ಬಿದ್ದು, ಅಲ್ಲೊಂದು ತೊರೆ ಇದೆ ಎಂಬುದು ಆಗಲೇ ಗೊತ್ತಾಗುತ್ತಿತ್ತು.

ನೀರಿನ ಬಣ್ಣದ ಬಗ್ಗೆಯೂ ಒಂದು ಮಾತು. ಪೋಸ್ಟ್‌ಕಾರ್ಡಿನ ನೀಲಿಯನ್ನು ನಿರೀಕ್ಷಿಸಬೇಡಿ. ಸುತ್ತಲಿನ ಜೌಗಿನಲ್ಲಿ ಸಸ್ಯಗಳು ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿ ಪೀಟ್ ಎಂಬ ಕಪ್ಪು ಮಣ್ಣಾಗಿರುತ್ತವೆ, ಅದರ ಮೂಲಕ ಇಳಿದು ಬರುವ ನೀರು ನಮ್ಮ ಕಾಫಿ ಡಿಕಾಕ್ಷನ್ನಿಗೆ ನೀರು ಬೆರೆಸಿದ ಬಣ್ಣಕ್ಕೆ ತಿರುಗಿರುತ್ತದೆ. ಅಂಗೈಯನ್ನು ಮುಳುಗಿಸಿ ನೋಡಿ, ನಿಮ್ಮ ಬೆರಳುಗಳೇ ತಾಮ್ರದಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಆ ಪೀಟ್ ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ ಎಂದು ತಿಳಿದ ಮೇಲೆ, ಮೊಣಕಾಲುದ್ದದ ಕಪ್ಪು ಅಂಚನ್ನು ಕಂಡಾಗಲೆಲ್ಲ ನಾನು ಮನಸ್ಸಿನಲ್ಲೇ ಶತಮಾನಗಳ ಲೆಕ್ಕ ಹಾಕುವುದು ಅಭ್ಯಾಸವಾಗಿದೆ. ಇದಿಷ್ಟೇ ನಾವು ಅಲ್ಲಿ ಮಾಡುವುದು. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಕಡಿಮೆ ಎಂಬುದು ನನಗೂ ಗೊತ್ತು.

ಪೇಟೆಮಗ

ಪಾಚಿಕಲ್ಲು ಅವರ ಬರವಣಿಗೆ ಚೆನ್ನಾಗಿದೆ, ಆದರೆ ಮಳೆ ಎಣಿಸುವುದಕ್ಕೆ 1,100 ಪೌಂಡ್ ಕೊಡಬೇಕಾದ ಅಗತ್ಯ ನನಗೆ ಇನ್ನೂ ಅರ್ಥವಾಗಿಲ್ಲ. ನಾನು ಎರಡು ವರ್ಷಗಳ ಹಿಂದೆ ಜುಲೈನಲ್ಲಿ ನಾರ್ತ್ ಕೋಸ್ಟ್ 500 ಎಂಬ ಹೆಸರಾಂತ ಮಾರ್ಗದಲ್ಲಿ ಐದು ದಿನ ಕಾರು ಓಡಿಸಿದವನು. ಸುಮಾರು 830 ಕಿಲೋಮೀಟರಿನ ಈ ಸುತ್ತು ದಾರಿಗೆ 2015ರಲ್ಲಿ ಹೆಸರಿಟ್ಟು ಪ್ರಚಾರ ಮಾಡಿದಾಗಿನಿಂದ ಅಲ್ಲಿಗೆ ಜನ ಮುಗಿಬೀಳುತ್ತಿದ್ದಾರೆ. ಏಕಾಂತವನ್ನು ಹುಡುಕಿಕೊಂಡು ಬಂದವರೆಲ್ಲ ಒಬ್ಬರ ಹಿಂದೆ ಒಬ್ಬರು ಮೋಟರ್‌ಹೋಮ್‌ಗಳಲ್ಲಿ ಸಾಲುಗಟ್ಟಿ ನಿಂತಿದ್ದೆವು. 626 ಮೀಟರ್ ಎತ್ತರದ ಬೆಯಲಾಖ್ ನ ಬಾ ಕಣಿವೆಮಾರ್ಗದಲ್ಲಿ, ಐದು ಅಡಿ ಹಿಂದಕ್ಕೆ ಹೋಗಲೂ ಬಾರದ ಒಬ್ಬ ಮಹಾನುಭಾವರು ಎದುರಾದ್ದರಿಂದ ನಾವು ತಿರುವಿನಲ್ಲಿ ಅರ್ಧ ಗಂಟೆ ಕಾದೆವು. ಐದರಲ್ಲಿ ನಾಲ್ಕು ದಿನ ಮಳೆ. ಮಳೆ ನಿಂತ ಒಂದು ದಿನ ನುಸಿ. ಮಂದಾರ ಅವರೇ, ರೋಮ್‌ನಲ್ಲಿ ಕನಿಷ್ಠ ಪಕ್ಷ ಮಳೆ ಬಂದರೆ ಒಳಗೆ ಹೋಗಿ ನೋಡಲು ಏನಾದರೂ ಇರುತ್ತದೆ.

ಪಾಚಿಕಲ್ಲು

ಪೇಟೆಮಗ ಅವರೇ, ಐದು ದಿನದಲ್ಲಿ 830 ಕಿಲೋಮೀಟರ್ ಓಡಿಸಿದವರು ಕಂಡದ್ದು ರಸ್ತೆಯನ್ನು. ಒಂದೇ ಕಡೆ ಕೂರುವ ರಜೆಗೂ ಅದಕ್ಕೂ ಸಂಬಂಧವಿಲ್ಲ. ಲಾಕ್ ಆರ್ಕೇಗ್ ಆ ಮಾರ್ಗದಲ್ಲೂ ಇಲ್ಲ, ಅಲ್ಲಿಯ ರಸ್ತೆ ಸರೋವರದ ಪಶ್ಚಿಮದ ತುದಿಗೆ ಹೋಗಿ ಮುಗಿದೇ ಹೋಗುತ್ತದೆ. ಮುಗಿಯುವ ರಸ್ತೆಯಲ್ಲಿ ಹಾದುಹೋಗುವವರು ಇರುವುದಿಲ್ಲ.

ಕಂಬಳಿಹುಳ

ನುಸಿಯ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಬೇಡಿ ಸ್ವಾಮಿ, ಅದು ಇಡೀ ರಜೆಯನ್ನೇ ನಿರ್ಧರಿಸುವ ಪ್ರಾಣಿ. ಅದರ ಹೆಸರು ಮಿಜ್. ರೆಕ್ಕೆ ಒಂದೂವರೆ ಮಿಲಿಮೀಟರ್ ಕೂಡ ಇರುವುದಿಲ್ಲ, ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನಲ್ಲಿ ಸಲೀಸಾಗಿ ನುಸುಳುತ್ತದೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅದರ ಕಾಲ, ಆಗಸ್ಟ್ ಎಂದರೆ ನಡುಹಬ್ಬ. ಕಚ್ಚುವುದು ಹೆಣ್ಣು ಮಾತ್ರ, ಅದು ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಂಡು ಬರುತ್ತದೆ. ಆದರೆ ಅದಕ್ಕೆ ಎರಡು ಶತ್ರುಗಳಿವೆ: ಬಿರುಬಿಸಿಲು ಮತ್ತು ಗಾಳಿ. ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್ ವೇಗದ ಗಾಳಿ ಬೀಸಿದರೂ ಅದು ಹಾರಲಾರದು. ಆದ್ದರಿಂದ ಮನೆಯ ಮುಂದೆ ಗಾಳಿಗೆ ತೆರೆದ ಜಾಗ ಇದೆಯೇ ಎಂದು ಮಾಲೀಕರನ್ನು ಕೇಳಿ, ತಲೆಗೆ ಹಾಕುವ ಸಣ್ಣಕಣ್ಣಿನ ಬಲೆಯನ್ನು ಐವರಿಗೂ ಕೊಂಡುಕೊಳ್ಳಿ, ಸಂಜೆ ಗಾಳಿ ನಿಂತ ಕ್ಷಣ ಯಾವ ಸೌಂದರ್ಯಕ್ಕೂ ಮರುಳಾಗದೆ ಒಳಗೆ ಓಡಿ. ಫೋಟೋಗಳಲ್ಲಿ ಕನ್ನಡಿಯಂತೆ ನಿಶ್ಚಲವಾಗಿ ಕಾಣುವ ಆ ನೀರು ಇದೆಯಲ್ಲ, ಅದನ್ನು ತೆಗೆದವನು ಆ ಹೊತ್ತಿಗೆ ಎಷ್ಟು ಕಚ್ಚಿಸಿಕೊಂಡಿದ್ದನೋ ಯಾರಿಗೂ ಗೊತ್ತಿಲ್ಲ.

ಉಣ್ಣಿಯ ಬಗ್ಗೆಯೂ ಎಚ್ಚರಿಕೆ ಇರಲಿ. ಹುಲ್ಲಿನಲ್ಲಿ, ಬ್ರ್ಯಾಕನ್ ಎಂಬ ಜರೀಗಿಡದ ನಡುವೆ ಓಡಾಡಿ ಬಂದ ಮಕ್ಕಳ ಮೊಣಕಾಲ ಸಂದು, ಕಂಕುಳು, ಕೂದಲ ಅಂಚನ್ನು ದಿನವೂ ನೋಡಬೇಕು. ಲೈಮ್ ಕಾಯಿಲೆ ಹರಡುವುದು ಅದರಿಂದಲೇ.

ಮಂದಾರ

ತುಂಬಾ ಧೈರ್ಯ ಬಂತು. ಧನ್ಯವಾದಗಳು.

ನಿವೃತ್ತ ಮೇಷ್ಟರು

ಇಲ್ಲಿ ಎಲ್ಲರೂ ನಿರ್ಜನ, ಏಕಾಂತ ಎಂದು ಬರೆಯುತ್ತಿದ್ದೀರಿ, ಆ ನಿರ್ಜನತೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. 18ನೆಯ ಶತಮಾನದ ಉತ್ತರಾರ್ಧದಿಂದ 19ನೆಯ ಶತಮಾನದ ಮಧ್ಯಭಾಗದವರೆಗೆ ಹೈಲ್ಯಾಂಡ್ಸ್‌ನ ಭೂಮಾಲೀಕರು ತಮ್ಮ ಒಕ್ಕಲುಗಳಿಗಿಂತ ಕುರಿಗಳಿಂದ ಹೆಚ್ಚು ಆದಾಯ ಬರುತ್ತದೆ ಎಂದು ಕಂಡುಕೊಂಡು, ತಲೆತಲಾಂತರದಿಂದ ಕಣಿವೆಗಳಲ್ಲಿ ಬದುಕಿದ್ದ ಗೇಲಿಕ್ ಭಾಷೆಯ ಜನರನ್ನು ಊರಿಗೆ ಊರೇ ಒಕ್ಕಲೆಬ್ಬಿಸಿದರು. ನಮ್ಮ ಭಾಷೆಯಲ್ಲಿ ಆ ಕೃತ್ಯಕ್ಕೆ ಸರಿಯಾದ ಪದ ಮೊದಲಿನಿಂದಲೂ ಇದೆ ಎಂಬುದನ್ನು ಗಮನಿಸಿ. ಸದರ್ಲೆಂಡ್ ಪ್ರಾಂತದ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814 ಮತ್ತು 1819ರಲ್ಲಿ ಮನೆಗಳ ಚಾವಣಿಗೆ ಬೆಂಕಿ ಇಟ್ಟರು, ಜನ ಮತ್ತೆ ಬಂದು ಸೇರಿಕೊಳ್ಳಬಾರದೆಂದು. 1814ರ ಆ ಕೆಲಸದ ಮುಂದಾಳಾಗಿದ್ದ ಪ್ಯಾಟ್ರಿಕ್ ಸೆಲ್ಲರ್ ಎಂಬ ಎಸ್ಟೇಟ್ ಪಾರುಪತ್ಯಗಾರನ ಮೇಲೆ 1816ರಲ್ಲಿ ವಿಚಾರಣೆ ನಡೆದು, ಆತ ನಿರ್ದೋಷಿಯೆಂದು ಹೊರಬಂದ. ಒಕ್ಕಲಿನ ಹಕ್ಕಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1886ರಲ್ಲಿ. ಆ ಹೊತ್ತಿಗೆ ಅನೇಕರು ಕೆನಡಾ ಸೇರಿದ್ದರು.

ನಾನು ಆ ಕಣಿವೆಯ ರೊಸಾಲ್ ಎಂಬ ಹಾಳು ಹಳ್ಳಿಯಲ್ಲಿ ಒಂದು ಮಧ್ಯಾಹ್ನ ಓಡಾಡಿದ್ದೇನೆ. ಮೊಣಕಾಲೆತ್ತರದ ಗೋಡೆಯ ಸಾಲು, ಹುಲ್ಲಿನೊಳಗೆ ಮುಳುಗಿದ ಹೊಸ್ತಿಲು, ಸುತ್ತಲಿಗಿಂತ ಒಂದು ಪಾಲು ಹೆಚ್ಚು ಹಸಿರಾಗಿರುವ ಹಳೆಯ ಹೊಲಗಳು. ಆ ಹಸಿರಿಗೆ ಕಾರಣ ನೂರಾರು ವರ್ಷ ಅಲ್ಲಿ ಹಾಕಿದ ಗೊಬ್ಬರ. ಬಸ್ಸಿನಲ್ಲಿ ಬಂದವರು ಅದನ್ನೇ ಕಂಡು, ಎಂಥ ಪ್ರಕೃತಿ ಎಂದು ಉದ್ಗರಿಸಿದರು. ಹೀಗಾಗಿ ನಿರ್ಜನ ಪ್ರದೇಶದ ಸೊಬಗು ಎಂಬ ಮಾತನ್ನು ಕೇಳಿದಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ.

ಶಾಲ್ಮಲಿ

ಮೇಷ್ಟರೇ, ಇತಿಹಾಸದ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಕಾಡಿನ ಕಥೆಯೂ ಹಾಗೆಯೇ ಇದೆ. ಬೋಳುಬೆಟ್ಟ ಎಂದು ನಾವು ಮೆಚ್ಚುವ ಎಷ್ಟೋ ಇಳಿಜಾರುಗಳಲ್ಲಿ ಹಿಂದೆ ಪೈನ್ ಮತ್ತು ಬರ್ಚ್ ಮರಗಳಿದ್ದವು. ಮರ ಕಡಿದದ್ದು ಒಂದು ಕಡೆ, ಚಿಗುರನ್ನೆಲ್ಲ ಮೊದಲು ಕುರಿ, ಆಮೇಲೆ ಬೇಟೆಗೆಂದು ಬೆಳೆಸಿದ ಕೆಂಪು ಜಿಂಕೆ ತಿಂದುಹಾಕಿದ್ದು ಇನ್ನೊಂದು ಕಡೆ. ಆದರೆ ಇದರಿಂದ ಯಾವ ತೀರ್ಮಾನಕ್ಕೆ ಬರಬೇಕು ಎನ್ನುತ್ತೀರಿ? ಹೋಗಬಾರದು ಎಂದೇ? ನಾಯ್ಡಾರ್ಟ್ ಎಂಬ ಪರ್ಯಾಯದ್ವೀಪಕ್ಕೆ ಹೊರಗಿನಿಂದ ರಸ್ತೆಯೇ ಇಲ್ಲ, ಮಲ್ಲೇಗ್ ಎಂಬ ಬಂದರಿನಿಂದ ದೋಣಿಯಲ್ಲಿ ಹೋಗಬೇಕು, ಇಲ್ಲವೇ ಬೆಟ್ಟ ದಾಟಿ ನಡೆಯಬೇಕು. ಅಲ್ಲಿಯ ಜನ 1999ರಲ್ಲಿ ಸಮುದಾಯದ ಹೆಸರಿನಲ್ಲಿ ಎಸ್ಟೇಟನ್ನೇ ಕೊಂಡುಕೊಂಡರು. ಇನ್‌ವೆರಿ ಎಂಬ ಹಳ್ಳಿಯ ಪಬ್ಬನ್ನೂ 2022ರಲ್ಲಿ ಊರವರೇ ಕೊಂಡರು. ನನ್ನಂತಹ ಪ್ರವಾಸಿಗರು ಕೊಟ್ಟ ಹಣ ಅಲ್ಲಿ ಯಾರ ಕೈಸೇರುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಹಳ್ಳಿಯಲ್ಲಿ ದೀಪ ಉರಿಯುತ್ತಿರುವುದಕ್ಕೆ ಬಂದುಹೋಗುವವರೂ ಒಂದು ಕಾರಣ.

ನಿವೃತ್ತ ಮೇಷ್ಟರು

ಹೋಗಬಾರದು ಎಂದು ನಾನು ಎಲ್ಲೂ ಬರೆದಿಲ್ಲ, ಮತ್ತೊಮ್ಮೆ ಓದಿ. ಯಾರೂ ಇರಲಿಲ್ಲ ಎಂದುಕೊಂಡು ಹೋಗಬೇಡಿ ಎಂದಷ್ಟೇ ನನ್ನ ಮಾತು. ಬಂದುಹೋಗುವವರ ಹಣಕ್ಕೆ ಮತ್ತೊಂದು ಮುಖವೂ ಇದೆ. ಹಳ್ಳಿಯ ಮನೆಗಳೆಲ್ಲ ವಾರದ ಬಾಡಿಗೆಯ ಮನೆಗಳಾದರೆ ಅಲ್ಲಿಯ ಶಾಲೆಗೆ ಮಕ್ಕಳನ್ನು ಎಲ್ಲಿಂದ ತರುವುದು? ಸ್ಕಾಟ್‌ಲ್ಯಾಂಡಿನಲ್ಲಿ 2023ರ ಅಕ್ಟೋಬರ್‌ನಿಂದ ಇಂತಹ ಅಲ್ಪಾವಧಿ ಬಾಡಿಗೆಗೆ ಪರವಾನಗಿ ಕಡ್ಡಾಯವಾಗಿದೆ. ಮಂದಾರ ಅವರು ತಮ್ಮ ಮನೆಯ ಜಾಹೀರಾತಿನಲ್ಲಿ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಮಂದಾರ

ಇದೆ, ನೋಡಿದೆ.

ಲೆಕ್ಕಿಗ

ನನ್ನದೊಂದು ಸರಳ ಪರಿಹಾರ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗಿ. ಅದೇ ಬೆಟ್ಟ, ಅದೇ ಸರೋವರ, ಅರ್ಧ ದೂರ. ವಿಂಡರ್‌ಮೀರ್‌ನವರೆಗೆ ರೈಲು ಇದೆ, ದೋಣಿ ಇದೆ, ಅಂಗಡಿ ಇದೆ, ಮಧ್ಯಾಹ್ನ ಮೂರಕ್ಕೆ ಮಳೆ ಬಂದರೆ ಚಹಾ ಕುಡಿಯಲು ಜಾಗವಿದೆ.

ತಿರುಗಾಟಿ

ಅದೇ ಬೆಟ್ಟ, ಅದೇ ಸರೋವರ ಎನ್ನುವುದು ಸ್ವಲ್ಪ ಹೆಚ್ಚಾಯಿತು. ಲೇಕ್ ಡಿಸ್ಟ್ರಿಕ್ಟ್ ಚಿಕ್ಕದು, ಚೊಕ್ಕದು. ಅದರ ಕಲ್ಲುಗೋಡೆ, ಕುರಿಹಟ್ಟಿ, ಹೊಲ ಎಲ್ಲವೂ ಕೈಯಳತೆಯಲ್ಲಿವೆ. ಯುನೆಸ್ಕೊ 2017ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಮನುಷ್ಯರು ದುಡಿದು ರೂಪಿಸಿದ ಭೂದೃಶ್ಯವೆಂದೇ. ಇಂಗ್ಲೆಂಡಿನ ಅತ್ಯಂತ ಎತ್ತರದ ಸ್ಕಾಫೆಲ್ ಪೈಕ್ 978 ಮೀಟರ್, ಸ್ಕಾಟ್‌ಲ್ಯಾಂಡಿನ ಬೆನ್ ನೆವಿಸ್ 1,345 ಮೀಟರ್. ಇನ್ನು ನೀರಿನ ಲೆಕ್ಕಕ್ಕೆ ಬಂದರೆ, 37 ಕಿಲೋಮೀಟರ್ ಉದ್ದ, 230 ಮೀಟರ್ ಆಳದ ಲಾಕ್ ನೆಸ್ ಒಂದರಲ್ಲೇ ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಸರೋವರಗಳನ್ನು ಕೂಡಿಸಿದರೂ ಮೀರುವಷ್ಟು ಸಿಹಿನೀರಿದೆ. ಇದು ದೊಡ್ಡದು, ಆದ್ದರಿಂದ ಇದೇ ಒಳ್ಳೆಯದು ಎಂಬುದು ನನ್ನ ವಾದವಲ್ಲ. ಎರಡು ಕಡೆಯೂ ಮನಸ್ಸಿನ ಮೇಲೆ ಆಗುವ ಪರಿಣಾಮ ಬೇರೆ. ಅಲ್ಲಿ ಮಡಿಲಲ್ಲಿ ಕೂತಂತೆ, ಇಲ್ಲಿ ಬಯಲಲ್ಲಿ ಬಿಟ್ಟಂತೆ.

ಅಂದಹಾಗೆ ವಿಂಡರ್‌ಮೀರ್‌ನ ರೈಲಿನ ಮಾತು ಬಂತು. 1844ರಲ್ಲಿ ಆ ರೈಲುಮಾರ್ಗದ ಪ್ರಸ್ತಾಪ ಬಂದಾಗ ವೃದ್ಧರಾಗಿದ್ದ ಕವಿ ವರ್ಡ್ಸ್‌ವರ್ತ್ ಪತ್ರಿಕೆಗೆ ಕಾಗದ ಬರೆದು ವಿರೋಧಿಸಿದ್ದರು. ಗುಂಪುಗುಂಪಾಗಿ ಜನ ಬಂದರೆ ಜಾಗ ಹಾಳಾಗುತ್ತದೆ ಎಂಬುದು ಅವರ ವಾದ. 1847ರಲ್ಲಿ ರೈಲು ಬಂದೇ ಬಂತು. ಆ ಜಾಗದ ಸೊಬಗನ್ನು ಊರಿಗೆಲ್ಲ ಸಾರಿದವರಲ್ಲಿ ಮೊದಲಿಗರು ತಾವೇ ಎಂಬುದನ್ನು ಅವರು ಆ ಹೊತ್ತಿನಲ್ಲಿ ಮರೆತಂತಿತ್ತು.

ಪೇಟೆಮಗ

ನಾವು ಬಂದಾಯಿತು, ಇನ್ನು ಬಾಗಿಲು ಹಾಕಿ ಎನ್ನುವವರು ಎಲ್ಲ ಕಾಲದಲ್ಲೂ ಇದ್ದರು ಎಂದಾಯಿತು. ಈ ವೇದಿಕೆಯಲ್ಲೂ ಇಬ್ಬರು ಮೂವರು ಕಾಣುತ್ತಿದ್ದಾರೆ.

ಅಲೆಮಾರಿ ದೀಪು

ಮನೆ ಬಾಡಿಗೆಯೇ ಬೇಡ ಮೇಡಂ, ಡೇರೆ ತೆಗೆದುಕೊಂಡು ಹೋಗಿ. ಸ್ಕಾಟ್‌ಲ್ಯಾಂಡಿನಲ್ಲಿ ಎಲ್ಲಿ ಬೇಕಾದರೂ ಡೇರೆ ಹಾಕುವ ಹಕ್ಕು ಕಾನೂನಿನಲ್ಲೇ ಇದೆ.

ತಿರುಗಾಟಿ

ಎಲ್ಲಿ ಬೇಕಾದರೂ ಎಂಬ ಮಾತು ತಪ್ಪು. 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಹೊಣೆಯರಿತು ನಡೆಯುವ, ಸೈಕಲ್ ತುಳಿಯುವ, ಹುಟ್ಟುಹಾಕುವ ದೋಣಿಯಲ್ಲಿ ಸಾಗುವ, ಒಂದೆರಡು ರಾತ್ರಿ ಸಣ್ಣ ಡೇರೆಯಲ್ಲಿ ತಂಗುವ ಹಕ್ಕು ಹೆಚ್ಚಿನ ನೆಲದ ಮೇಲೂ ನೀರಿನ ಮೇಲೂ ಎಲ್ಲರಿಗೂ ಇದೆ. ಮನೆಯ ಅಂಗಳಕ್ಕೆ, ಬೆಳೆ ನಿಂತ ಹೊಲಕ್ಕೆ ಅದು ಅನ್ವಯಿಸುವುದಿಲ್ಲ. ಕಾರು, ಮೋಟರ್‌ಹೋಮ್‌ಗಳಿಗೂ ಅನ್ವಯಿಸುವುದಿಲ್ಲ. ಲಾಕ್ ಲೋಮಂಡ್ ಮತ್ತು ಟ್ರೊಸಕ್ಸ್ ರಾಷ್ಟ್ರೀಯ ಉದ್ಯಾನದ ಕೆಲವು ಸರೋವರಗಳ ದಂಡೆಯಲ್ಲಿ ಜನ ಕಸ ಬಿಟ್ಟು, ಮರ ಕಡಿದು ಒಲೆ ಹಾಕಿದ್ದರಿಂದ, 2017ರಿಂದ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಡೇರೆ ಹಾಕಲು ಪರವಾನಗಿ ಬೇಕು. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಡೇರೆ ಹಾಕುವ ಹಕ್ಕೇ ಇಲ್ಲ, ನೆಲದ ಒಡೆಯರ ಒಪ್ಪಿಗೆ ಬೇಕು.

ಆದರೂ ಈ ಕಾಯ್ದೆಯೇ ನನ್ನ ಮಟ್ಟಿಗೆ ಹೈಲ್ಯಾಂಡ್ಸ್‌ನ ಅತಿ ದೊಡ್ಡ ಆಕರ್ಷಣೆ. ಕಣ್ಣಿಗೆ ಕಂಡ ಗುಡ್ಡದ ಕಡೆಗೆ ಯಾರನ್ನೂ ಕೇಳದೆ ನಡೆದುಬಿಡಬಹುದು ಎಂಬ ಭಾವನೆ ಕಾಲಿಗೆ ಬೇರೆಯೇ ಒಂದು ಹುರುಪು ಕೊಡುತ್ತದೆ. ನಡೆದು ಬಂದವರು ರಾತ್ರಿ ತಂಗಲು ಬಾಥಿ ಎಂಬ ಕಲ್ಲಿನ ಮನೆಗಳೂ ಇವೆ. ಹಿಂದೆ ಕುರುಬರೋ ಬೇಟೆಯಾಳುಗಳೋ ಇದ್ದ ಮನೆಗಳು ಅವು. 1965ರಲ್ಲಿ ಹುಟ್ಟಿದ ಒಂದು ಸಂಘದ ಸ್ವಯಂಸೇವಕರು ಸುಮಾರು ನೂರು ಬಾಥಿಗಳನ್ನು ನೋಡಿಕೊಳ್ಳುತ್ತಾರೆ. ಬಾಡಿಗೆ ಇಲ್ಲ, ಬೀಗವಿಲ್ಲ, ನೀರು, ವಿದ್ಯುತ್ತು, ಶೌಚಾಲಯ ಯಾವುದೂ ಇಲ್ಲ. ಮೂಲೆಯಲ್ಲೊಂದು ಗುದ್ದಲಿ ಇರುತ್ತದೆ, ಅದು ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಂದಾರ

ಗುದ್ದಲಿಯ ವಿಷಯವನ್ನು ನಮ್ಮವರಿಗೆ ದಯವಿಟ್ಟು ಯಾರೂ ತಿಳಿಸಬೇಡಿ.

ರಾತ್ರಿರೈಲು

ದೂರದ ಜಾಗ ಎಂದರೆ ಎಷ್ಟು ದೂರ ಎಂಬುದಕ್ಕೆ ನನ್ನ ಅನುಭವ ಹೇಳುತ್ತೇನೆ. ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರಾತ್ರಿ ರೈಲು ಹತ್ತಿ ಮಲಗಿದೆ, ಬೆಳಿಗ್ಗೆ ಪರದೆ ಸರಿಸಿದರೆ ರಾನಕ್ ಮೂರ್ ಎಂಬ ಜೌಗು ಬಯಲು. ಕಣ್ಣು ಹಾಯುವವರೆಗೆ ಕಂದುಬಣ್ಣದ ಹುಲ್ಲು, ಅಲ್ಲಲ್ಲಿ ಆಕಾಶದ ತುಂಡು ಬಿದ್ದಂತೆ ನೀರಿನ ಹೊಂಡಗಳು, ಹಳಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಮ್ಮನ್ನು ಲೆಕ್ಕಕ್ಕೇ ಇಡದ ಜಿಂಕೆಗಳು. ಅಲ್ಲಿ ನೆಲ ಎಷ್ಟು ಮೆತ್ತಗಿದೆಯೆಂದರೆ, 1894ರಲ್ಲಿ ತೆರೆದ ಆ ಮಾರ್ಗವನ್ನು ಕಟ್ಟುವಾಗ ಮರದ ಬೇರು, ಕಡ್ಡಿಕಸ, ಮಣ್ಣು, ಬೂದಿ ಹಾಕಿ ಹಾಸಿಗೆಯಂತೆ ಮಾಡಿ ಅದರ ಮೇಲೆ ಹಳಿಯನ್ನು ತೇಲಿಬಿಟ್ಟಿದ್ದಾರೆ. ಕೊರೌರ್ ಎಂಬ ನಿಲ್ದಾಣದಲ್ಲಿ ಇಳಿದೆ. 408 ಮೀಟರ್ ಎತ್ತರದಲ್ಲಿರುವ ಆ ನಿಲ್ದಾಣಕ್ಕೆ ಸಾರ್ವಜನಿಕ ರಸ್ತೆಯೇ ಇಲ್ಲ. ರೈಲು ಹೊರಟುಹೋದ ಮೇಲೆ ಅದರ ಸದ್ದು ತುಂಬ ಹೊತ್ತು ಕೇಳಿಸಿತು, ಆಮೇಲೆ ಕೇಳಿಸುತ್ತಿದೆಯೋ ಇಲ್ಲವೋ ಎಂದು ನಾನೇ ಕಿವಿಗೊಟ್ಟು ನಿಂತಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಅಲ್ಲಿಂದ ಲಾಕ್ ಓಸಿಯನ್ ಸರೋವರಕ್ಕೆ ಅರ್ಧ ಗಂಟೆಯ ನಡಿಗೆ.

ಪೇಟೆಮಗ ಅವರಿಗೆ ಒಂದು ಮಾತು: ಅಲ್ಲಿಯೂ ಮಳೆ ಬಂತು, ಶೂ ಪೂರ್ತಿ ನೆನೆಯಿತು, ಎರಡು ದಿನ ಒಣಗಲಿಲ್ಲ. ಅದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಗ್ಲಾಸ್ಗೋ ನಿವಾಸಿ

ಹಿರಿಯರು, ಮಕ್ಕಳು ಜೊತೆಗಿರುವುದರಿಂದ ಕೆಲವು ಕೆಲಸದ ಮಾತುಗಳು. ಒಂಟಿಕಾರಿನ ರಸ್ತೆಯಲ್ಲಿ ಅಲ್ಲಲ್ಲಿ ಅಗಲಿಸಿದ ಜಾಗಗಳಿರುತ್ತವೆ. ಎದುರು ವಾಹನ ಬಂದಾಗ ಅಂತಹ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಸರಿಯಿರಿ, ಬಲಕ್ಕಿದ್ದರೆ ನಿಮ್ಮ ಬದಿಯಲ್ಲೇ ಅದಕ್ಕೆ ಎದುರಾಗಿ ನಿಲ್ಲಿ, ಎದುರಿನವರು ಸುತ್ತಿಕೊಂಡು ಹೋಗುತ್ತಾರೆ. ಹಿಂದಿನಿಂದ ಬಂದ ಸ್ಥಳೀಯರಿಗೂ ಅಲ್ಲೇ ದಾರಿ ಬಿಡಬೇಕು, ಅವರು ಕೆಲಸಕ್ಕೋ ಆಸ್ಪತ್ರೆಗೋ ಹೊರಟಿರುತ್ತಾರೆ. ಫೋಟೋ ತೆಗೆಯಲು ಅಲ್ಲಿ ಕಾರು ನಿಲ್ಲಿಸುವುದು ಬೈಗುಳಕ್ಕೆ ಆಹ್ವಾನ. ಅತ್ತೆಯವರ ಮಾತ್ರೆಗಳನ್ನು ಎರಡು ವಾರಕ್ಕಾಗುವಷ್ಟು ಇಟ್ಟುಕೊಳ್ಳಿ. ಅಕ್ಕಿ, ಬೇಳೆ, ಸಾರಿನ ಪುಡಿ ಎಲ್ಲವನ್ನೂ ಕೊಂಡೊಯ್ಯಿರಿ, ತರಕಾರಿಯನ್ನು ಅಲ್ಲಿಗೆ ಹತ್ತಿರದ ಪಟ್ಟಣವಾದ ಫೋರ್ಟ್ ವಿಲಿಯಂನಲ್ಲಿ ತುಂಬಿಸಿಕೊಳ್ಳಿ. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳುವುದಲ್ಲದೆ ಕಾಗದದ್ದೂ ಒಂದಿರಲಿ.

ಮಕ್ಕಳು ನೀರಿಗಿಳಿಯುತ್ತೇವೆ ಎನ್ನುತ್ತಾರೆ. ಹಿಮನದಿ ಕೊರೆದ ಸರೋವರಗಳು ಇವು, ದಂಡೆಯಿಂದ ನಾಲ್ಕು ಹೆಜ್ಜೆಯಲ್ಲೇ ತಳ ಕಾಣೆಯಾಗಬಹುದು. ಲಾಕ್ ನೆಸ್‌ನ ಆಳದ ನೀರು ವರ್ಷವಿಡೀ 5–6 ಡಿಗ್ರಿಯಲ್ಲೇ ಇರುತ್ತದೆ. ಮೇಲ್ಪದರ ಆಗಸ್ಟಿನಲ್ಲಿ ಸ್ವಲ್ಪ ಬಿಸಿಯೇರಿದರೂ ಒಮ್ಮೆಲೇ ಧುಮುಕಿದರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ, ಈಜು ಬಲ್ಲವರೂ ಮುಳುಗುವುದು ಆ ಮೊದಲ ನಿಮಿಷದಲ್ಲಿ. ಮೊಣಕಾಲು ನೀರು ಸಾಕು.

ಹದಿಮೂರರ ಮಗುವಿಗೆ ಒಂದು ಕೆಲಸ ಕೊಡಿ. 1746ರಲ್ಲಿ, ಪದಚ್ಯುತ ಸ್ಟೂವರ್ಟ್ ರಾಜಮನೆತನದ ಪರವಾಗಿ ಎದ್ದ ಜಾಕೊಬೈಟ್ ಬಂಡಾಯಕ್ಕೆ ನೆರವಾಗಿ ಫ್ರಾನ್ಸಿನಿಂದ ಬಂದ ಚಿನ್ನದ ನಾಣ್ಯಗಳನ್ನು, ಬಂಡಾಯ ಸೋತ ಮೇಲೆ, ಇದೇ ಲಾಕ್ ಆರ್ಕೇಗ್ ಸುತ್ತ ಹೂತಿಟ್ಟರು ಎಂಬ ಪ್ರತೀತಿ ಇದೆ. ಜನ ಇಂದಿಗೂ ಹುಡುಕುತ್ತಿದ್ದಾರೆ.

ಲೆಕ್ಕಿಗ

ಸಿಕ್ಕರೆ ಬಾಡಿಗೆ ಗಿಟ್ಟುತ್ತದೆ.

ಕಂಬಳಿಹುಳ

ಆಗಸ್ಟ್ ಎಂದರೆ ಬೆಟ್ಟಗಳ ಮೇಲೆ ನೇರಳೆ ಬಣ್ಣದ ಹೆದರ್ ಹೂ ಅರಳುವ ಕಾಲ. ನಮ್ಮ ಕಿವಿಗೆ ಹೆಸರೇ ಹೆದರಿಸುವ ಹಾಗಿದ್ದರೂ ಹೂ ಸೊಗಸಾಗಿರುತ್ತದೆ. ನುಸಿಯ ಬಗ್ಗೆ ಅಷ್ಟು ಬರೆದದ್ದಕ್ಕೆ ಪ್ರಾಯಶ್ಚಿತ್ತವಾಗಿ ಇದನ್ನು ಸೇರಿಸುತ್ತಿದ್ದೇನೆ.

ಶಾಲ್ಮಲಿ

ಮಂದಾರ ಅವರೇ, ಇಷ್ಟು ಜನರನ್ನು ಕೇಳಿದಿರಿ. ಅತ್ತೆಯವರನ್ನೇ ಒಮ್ಮೆ ಕೇಳಿದ್ದೀರಾ?

ಮಂದಾರ (ಆಗಸ್ಟ್ 14)

ಹೋಗಿ ಬಂದೆವು. ಕೇಳದೆಯೇ ವರದಿ ಒಪ್ಪಿಸುತ್ತಿದ್ದೇನೆ.

ಮೊದಲಿಗೆ, ಎರಡನೆಯ ದಿನಕ್ಕೇ ಸೋತವರು ಮನೆ ಗೊತ್ತುಮಾಡಿದ ನಮ್ಮವರು. ಸಿಗ್ನಲ್ ಸಿಗಬಹುದೆಂದು ಫೋನನ್ನು ಎತ್ತಿ ಹಿಡಿದುಕೊಂಡು ಬೆಳಿಗ್ಗೆ ದಂಡೆಯ ಮೇಲೆ, ಮಧ್ಯಾಹ್ನ ಹಿಂದಿನ ಗುಡ್ಡದ ಮೇಲೆ, ಸಂಜೆ ಕಾರಿನ ಮೇಲೆ ನಿಂತರು. ಹಾಲು ಮುಗಿಯದಿದ್ದರೂ ಹಾಲು ತರುವ ನೆಪದಲ್ಲಿ ಎರಡು ಸಲ ಫೋರ್ಟ್ ವಿಲಿಯಂಗೆ ಹೋಗಿಬಂದರು. ದೊಡ್ಡವನು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನದಿಂದ ತಂಗಿಯನ್ನು ಸೇರಿಸಿಕೊಂಡು ಒಂದು ಸೌಟಿನಿಂದ ಚಿನ್ನಕ್ಕಾಗಿ ಅಗೆದ. ಸೌಟು ಬಾಗಿದೆ. ಇಬ್ಬರೂ ಏಳು ದಿನದಲ್ಲಿ ಅಷ್ಟು ಕಡಿಮೆ ಜಗಳವಾಡಿದ್ದನ್ನು ನಾನು ಇದೇ ಮೊದಲು ಕಂಡದ್ದು.

ಅತ್ತೆಯವರ ಬಗ್ಗೆ ನನಗೆ ಎಲ್ಲರಿಗಿಂತ ಹೆಚ್ಚು ಯೋಚನೆ ಇತ್ತು. ಅವರು ಮೊದಲ ದಿನವೇ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು, ಶಾಲು ಹೊದ್ದು ಕೂತರು. ಮನೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಹಳೆಯ ಬೈನಾಕ್ಯುಲರ್ ಇತ್ತು. ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಕೂಗಿ, ಆ ಹಕ್ಕಿ ಈಗ ಮೀನು ಹಿಡಿಯುತ್ತದೆ ನೋಡು ಎಂದರು. ಏನೂ ಕಾಣಿಸಲಿಲ್ಲ. ಸ್ವಲ್ಪ ತಡಿ, ಅದು ಮೊದಲು ಎರಡು ಸುತ್ತು ಹಾಕಿ, ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಲ್ಲುತ್ತದೆ, ಆಮೇಲೆ ಕಾಲು ಮುಂದೆ ಚಾಚಿಕೊಂಡು ಬೀಳುತ್ತದೆ ಎಂದರು. ಅಕ್ಷರಶಃ ಹಾಗೆಯೇ ಆಯಿತು. ನೀರು ಚಿಮ್ಮಿತು, ಹಕ್ಕಿ ಮೈ ಕೊಡವಿಕೊಂಡು ಮೇಲೆದ್ದಾಗ ಕಾಲಿನಲ್ಲಿ ಮೀನಿತ್ತು, ಅದರ ತಲೆಯನ್ನು ಮುಂದಕ್ಕೆ ಸರಿಯಾಗಿ ತಿರುಗಿಸಿ ಹಿಡಿದುಕೊಂಡು ಪೈನ್ ಮರಗಳ ಕಡೆಗೆ ಹೋಯಿತು. ಅದು ಆಸ್ಪ್ರೇ ಎಂದೂ, ಸ್ಕಾಟ್‌ಲ್ಯಾಂಡಿನಲ್ಲಿ ನಿರ್ನಾಮವಾಗಿ 1954ರಲ್ಲಿ ಮತ್ತೆ ಗೂಡು ಕಟ್ಟಿದ ಹಕ್ಕಿಯೆಂದೂ ಆಮೇಲೆ ಓದಿ ತಿಳಿದೆ. ಅತ್ತೆಯವರಿಗೆ ಅದರ ಹೆಸರು ಬೇಕಾಗಿರಲಿಲ್ಲ. ದಿನಕ್ಕೆ ಎಷ್ಟು ಸಲ ಬರುತ್ತದೆ, ಎಷ್ಟು ಸಲ ಬರಿಗಾಲಿನಲ್ಲಿ ಹೋಗುತ್ತದೆ ಎಂಬುದು ಬಾಯಿಪಾಠವಾಗಿತ್ತು. ಹಿಂದಿರುಗಿ ಬಂದ ಮೇಲೆ ಇಲ್ಲಿ ಕಿಟಕಿಯಿಂದ ಏನೂ ಕಾಣುವುದಿಲ್ಲ ಎಂದು ದಿನಕ್ಕೊಮ್ಮೆಯಾದರೂ ಗೊಣಗುತ್ತಾರೆ.

ನಾನೇನು ಮಾಡಿದೆ ಎಂದರೆ, ಪಾಚಿಕಲ್ಲು ಅವರೇ, ನನ್ನ ಲೆಕ್ಕ ಒಂಬತ್ತು ಮಳೆಗೆ ನಿಂತಿತು. ಹತ್ತನೆಯದು ಬರುತ್ತಿರುವಾಗ ಒಲೆಯ ಮೇಲಿನ ಸಾರು ಉಕ್ಕಿತು. ರೋಮ್‌ನ ಬೇಡಿಕೆಯನ್ನು ನಾನಿನ್ನೂ ಹಿಂತೆಗೆದುಕೊಂಡಿಲ್ಲ.

ಪೇಟೆಮಗ

ಎಲ್ಲವೂ ಸರಿ. ನುಸಿಯ ವಿಷಯ ಬರೆಯಲೇ ಇಲ್ಲ?

ಮಂದಾರ

ಐದನೆಯ ದಿನ ಸಂಜೆ ಗಾಳಿ ನಿಂತಿತು. ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ.